ಕೈ ತೊಳೆದು ಮಾಡುವ ಕೆಲಸ

ಆಪಾಳ ಕಾರು ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಜಗ್ಗತೊಡಗಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ. ಕೊನೆಕೊನೆಗೆ ಬೆಳಿಗ್ಗೆ ರಿವರ್ಸ್‌ಗೆ ಹಾಕಿದರೆ ಮೂರು ನಾಲ್ಕು ಸೆಕೆಂಡು ಯೋಚನೆ ಮಾಡಿ, ನಂತರ ಧಡಕ್ಕನೆ ಹಿಂದಕ್ಕೆ ಹಾರುತ್ತಿತ್ತು. ನಮ್ಮ ಗೇಟಿನ ಕಂಬದ ಮೇಲೆ ಅದರ ಗುರುತು ಈಗಲೂ ಇದೆ.

ಬೇರೆ ಮನೆಗಳಲ್ಲಿ ಕಾರು ಕೆಟ್ಟರೆ ಬಸ್ಸು ಹತ್ತುತ್ತಾರೆ. ನಮ್ಮಲ್ಲಿ ಹಾಗಾಗುವುದಿಲ್ಲ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಆಪಾಳ ಎಡಗಾಲು ಸೋತಿತು. ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಆ ಹೊತ್ತಿಗೆ ಅವಳು ಟಿ.ಸಿ.ಎಚ್. ಓದುತ್ತಿದ್ದಳು. ಭಾರತ ಪೋಲಿಯೊಮುಕ್ತವಾಯಿತೆಂದು 2014ರ ಮಾರ್ಚಿನಲ್ಲಿ ಘೋಷಣೆಯಾದಾಗ ಆ ಸುದ್ದಿಯನ್ನು ತನ್ನ ತರಗತಿಯ ಮಕ್ಕಳಿಗೆ ತಾನೇ ಓದಿ ಹೇಳಿದಳಂತೆ. 'ಇನ್ನು ನಿಮ್ಮಲ್ಲಿ ಯಾರೂ ನನ್ನ ಹಾಗೆ ನಡೆಯಬೇಕಾಗಿಲ್ಲ' ಎಂದಳಂತೆ.

ಶಿವಮೊಗ್ಗದಿಂದ ಅವಳ ಶಾಲೆಗೆ ಇಪ್ಪತ್ತೆರಡು ಕಿಲೋಮೀಟರು. ಬಸ್ಸಿಳಿದ ಮೇಲೂ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ಕ್ಲಚ್ ಒತ್ತುವುದು ಎಡಗಾಲಿನ ಕೆಲಸವಾದ್ದರಿಂದ ಸಾಧಾರಣ ಕಾರು ಅವಳಿಗೆ ಆಗದು. ತಾನೇ ಗೇರು ಬದಲಿಸಿಕೊಳ್ಳುವ ಕಾರೇ ಬೇಕು. ಸಾಲ ಮಾಡಿ, ಯಾರೋ ಬಳಸಿ ಬಿಟ್ಟಿದ್ದ ನಾಲ್ಕು ಗೇರಿನ ಹಳೆಯ ಆಟೋಮ್ಯಾಟಿಕ್ ಕಾರನ್ನು ಕೊಂಡಳು. ಅದು ಬಂದ ದಿನ ಅಮ್ಮಿ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು, 'ಇದು ನನ್ನ ಮಗಳ ಕಾಲು' ಎಂದಿದ್ದರು. ಆ ಕಾಲೇ ಈಗ ಕುಂಟತೊಡಗಿತ್ತು.

ಸರ್ವಿಸ್ ಸೆಂಟರಿನವರು ಕಾರನ್ನು ಒಂದು ದಿನ ಇಟ್ಟುಕೊಂಡು, 'ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು, ಒಂದು ಲಕ್ಷ ಎಂಬತ್ತು ಸಾವಿರವಾಗುತ್ತದೆ' ಎಂದು ಕಾಗದ ಕೊಟ್ಟರು. ಕಾರು ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ. ಆಪಾ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು, 'ವರ್ಗಾವಣೆಗೆ ಅರ್ಜಿ ಹಾಕುತ್ತೇನೆ' ಎಂದಳು. ಹನ್ನೊಂದು ವರ್ಷ ಕಲಿಸಿದ ಶಾಲೆ ಅದು.

ಆಗ ಛೋಟೆ ಬಾಯಿ ಬಿಟ್ಟ. 'ಪೂರ್ತಿ ಗೇರ್‌ಬಾಕ್ಸ್ ಹೋಗಿಲ್ಲ. ಹೋಗಿರೋದು ವಾಲ್ವ್ ಬಾಡಿ. ಮನೆಯಲ್ಲೇ ಹಾಕಬಹುದು.'

ನಾವು ಯಾರೂ ಉತ್ತರ ಕೊಡಲಿಲ್ಲ. ಆ ಮೌನದ ಹಿಂದೆ ಏನಿತ್ತೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಛೋಟೆ ನಮ್ಮ ತಮ್ಮ. ಅಬ್ಬಾ ತೀರಿಕೊಂಡಾಗ ಮನೆಯಲ್ಲಿ ಮೂರು ಮಕ್ಕಳು ಓದುತ್ತಿದ್ದೆವು. ಮೂವರನ್ನೂ ಓದಿಸಲು ಆಗುತ್ತಿರಲಿಲ್ಲ. ಕಾಲಿಲ್ಲದ ಹುಡುಗಿಗೆ ನೌಕರಿ ಬೇಕು, ಆಪಾ ಓದಲಿ ಎಂದಾಯಿತು. ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿನಲ್ಲಿ ಒಳ್ಳೆಯ ಅಂಕ ತೆಗೆದಿದ್ದ ನಮ್ಮನ್ನು ಬಿಡಿಸುವುದು ಬೇಡ ಎಂದೂ ಆಯಿತು. ಉಳಿದವನು ಅವನು. ಏಳನೆಯ ತರಗತಿಗೆ ಅವನ ಓದು ನಿಂತಿತು. ಪುಸ್ತಕದ ಚೀಲ ಗೋಡೆಯ ಮೊಳೆಗೆ ಹೋಯಿತು, ಅವನು ಗ್ಯಾರೇಜಿಗೆ ಹೋದ. ಅಲ್ಲಿಂದ ಬೆಂಗಳೂರು, ಅಲ್ಲಿಂದ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ. ಹದಿನಾಲ್ಕು ವರ್ಷ ಅಲ್ಲಿದ್ದ. ಆಪಾಳ ಕಾರಿನ ಸಾಲದ ಮೊದಲ ಕಂತುಗಳೂ, ನಮ್ಮ ಮೊದಲ ಕಥಾಸಂಕಲನದ ಮುದ್ರಣದ ಖರ್ಚೂ ಅವನ ಹಣದಿಂದಲೇ ಬಂದವು. ಊರಿಗೆ ಮರಳಿದಾಗ ಅವನ ಬಳಿ ಎರಡು ಪೆಟ್ಟಿಗೆ ಉಪಕರಣಗಳಿದ್ದವು, ಒಂದು ಸರ್ಟಿಫಿಕೇಟೂ ಇರಲಿಲ್ಲ. ಇಲ್ಲಿಯ ವರ್ಕ್‌ಷಾಪುಗಳಲ್ಲಿ ಕೇಳಿದರೆ 'ಐ.ಟಿ.ಐ. ಆಗಿದೆಯಾ?' ಎನ್ನುತ್ತಿದ್ದರು. ಬೈಕ್ ಪಂಕ್ಚರಿನಿಂದ ಹಿಡಿದು ಪಂಪ್‌ಸೆಟ್ಟಿನವರೆಗೆ ಸಿಕ್ಕಿದ್ದನ್ನು ಮಾಡಿಕೊಂಡಿದ್ದ. ಗಲ್ಫಿನಿಂದ ಮರಳಿದವರ ಹಣದ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ಅವರು ಕೈಯಲ್ಲಿ ಏನು ಕಲಿತು ಬಂದರೆಂದು ಕೇಳುವವರು ಕಡಿಮೆ. ಮನೆಯವರಾದ ನಾವೂ ಕೇಳಿರಲಿಲ್ಲ.

ಕೊನೆಗೆ ಆಪಾ ಕಾರಿನ ಕೀಲಿಯನ್ನು ಅವನ ಮುಂದಿಟ್ಟಳು. 'ಕೆಟ್ಟರೆ?' ಎಂದೆವು ನಾವು. 'ಕೆಟ್ಟೇ ಇದೆಯಲ್ಲ' ಎಂದಳು.

ಅವನು ತಕ್ಷಣ ಕೈ ಹಾಕಲಿಲ್ಲ. ಮೂರು ಸಂಜೆ ಬರೀ ಪರೀಕ್ಷೆಯಲ್ಲೇ ಕಳೆದ. ಸ್ಕ್ಯಾನರ್ ಹಚ್ಚಿ ನೋಡಿದ. ಎಣ್ಣೆಯ ಒತ್ತಡ ಅಳೆಯುವ ಗೇಜು ಜೋಡಿಸಿ, ಆಪಾಳನ್ನು ಕೂರಿಸಿಕೊಂಡು ಓಡಿಸಿದ. ಪಂಪಿನ ಒತ್ತಡ ಸರಿಯಿತ್ತು. ಮೂರನೆಯ ಗೇರಿಗೆ ಹೋಗುವಾಗ ಮಾತ್ರ ಮುಳ್ಳು ಕುಸಿಯುತ್ತಿತ್ತು. 'ಹೃದಯ ಸರಿಯಿದೆ, ನಾಳ ಸೋರುತ್ತಿದೆ' ಎಂದ.

ಈ ಗೇರ್‌ಬಾಕ್ಸಿನ ಒಳಗುಟ್ಟನ್ನು ಅವನು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಒಂದು ಪಂಪು ಎಣ್ಣೆಯನ್ನು ಒತ್ತಡದಿಂದ ತಳ್ಳುತ್ತದೆ. ಅದು ಅಲ್ಯೂಮಿನಿಯಮ್ಮಿನ ಒಂದು ದಪ್ಪ ಹಲಗೆಯೊಳಕ್ಕೆ ಬರುತ್ತದೆ. ಆ ಹಲಗೆಯ ತುಂಬ ಗೆದ್ದಲು ಕೊರೆದಂಥ ಕಾಲುವೆಗಳು. ಕಾಲುವೆಗಳ ನಡುವೆ ಸ್ಪ್ರಿಂಗಿಗೆ ಆನಿಕೊಂಡು ಹಿಂದೆ ಮುಂದೆ ಜಾರುವ ಉಕ್ಕಿನ ಸಣ್ಣ ಕಡ್ಡಿಗಳು. ಗದ್ದೆಗೆ ನೀರು ತಿರುಗಿಸುವವನು ಒಂದು ಮಡೆ ಕಟ್ಟಿ ಇನ್ನೊಂದು ಬಿಡುವ ಹಾಗೆ ಈ ಕಡ್ಡಿಗಳು ಎಣ್ಣೆಯನ್ನು ಬೇಕಾದ ಕ್ಲಚ್ಚಿಗೆ ತಿರುಗಿಸುತ್ತವೆ. ಯಾವ ಮಡೆ ಯಾವಾಗ ಎಂದು ಕಂಪ್ಯೂಟರು ಸೊಲೆನಾಯ್ಡುಗಳ ಮೂಲಕ ಹೇಳುತ್ತದೆ. ಇದೆಲ್ಲ ಸೇರಿದರೆ ವಾಲ್ವ್ ಬಾಡಿ. ಕಡ್ಡಿಗೂ ಅದು ಜಾರುವ ತೂತಿಗೂ ನಡುವಿನ ಸಂದು ಕೂದಲಿನ ದಪ್ಪಕ್ಕಿಂತ ಕಡಿಮೆ. ಲಕ್ಷಾಂತರ ಸಲ ಜಾರಿ ತೂತು ಸವೆದರೆ ಎಣ್ಣೆ ಸಂದಿನಲ್ಲಿ ಸೋರುತ್ತದೆ, ಕ್ಲಚ್ಚು ತಡವಾಗಿ ಹಿಡಿಯುತ್ತದೆ, ಕಾರು ಒದೆಯುತ್ತದೆ. ಕಂಪ್ಯೂಟರಿನ ಪಾಲು ಬಿಟ್ಟರೆ ಇದು ಹಳೆಯ ವಿದ್ಯೆ. ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಹೈಡ್ರಾ-ಮ್ಯಾಟಿಕ್ ಎಂಬ ಗೇರ್‌ಬಾಕ್ಸ್ ಕೂರಿಸಿದಾಗಲೂ ಒಳಗೆ ಹೀಗೆಯೇ ಎಣ್ಣೆ ಮತ್ತು ಕವಾಟಗಳ ಆಟವಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ಹೊಸ ವಾಲ್ವ್ ಬಾಡಿ, ಫಿಲ್ಟರು, ಗ್ಯಾಸ್ಕೆಟ್, ಕಂಪೆನಿ ಹೇಳಿದ ನಂಬರಿನದೇ ಎಣ್ಣೆ ತರಿಸಿದೆವು. ಎಲ್ಲ ಸೇರಿ ಸರ್ವಿಸ್ ಸೆಂಟರಿನವರು ಹೇಳಿದ್ದರ ಕಾಲುಭಾಗಕ್ಕಿಂತ ಸ್ವಲ್ಪ ಕಡಿಮೆ. ಬೇರೆ ಎಣ್ಣೆ ಅಗ್ಗಕ್ಕೆ ಸಿಗುತ್ತದೆ ಎಂದು ನಾವು ಹೇಳಿದಾಗ ಛೋಟೆ ಒಂದೇ ಮಾತಿನಲ್ಲಿ ಮುಗಿಸಿದ: 'ನಕ್ಕೋ.'

ಒಂದು ಭಾನುವಾರ ಬೆಳಿಗ್ಗೆ ಅಂಗಳ ಗುಡಿಸಿ, ಧೂಳು ಏಳದಂತೆ ನೀರು ಚಿಮುಕಿಸಿದೆವು. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂರಿಸಿ ನಾಲ್ಕೂ ಕಡೆ ಅಲುಗಿಸಿ ನೋಡಿದ. 'ಬರೀ ಜಾಕ್ ನಂಬಿ ಕೆಳಗೆ ಹೋದವರನ್ನು ಹೊರಗೆ ಎಳೆದದ್ದು ನೋಡಿದ್ದೀನಿ' ಎಂದಷ್ಟೇ ಹೇಳಿದ. ಬ್ಯಾಟರಿಯ ತಂತಿ ಬಿಚ್ಚಿದ. ಆಮೇಲೆ ನಲ್ಲಿಯ ಹತ್ತಿರ ಕೂತು ಸಾಬೂನು ಹಚ್ಚಿ ಮೊಣಕೈವರೆಗೆ ಕೈ ತೊಳೆಯತೊಡಗಿದ. ಬ್ರಷ್ಷು ತೆಗೆದುಕೊಂಡು ಉಗುರು ಉಜ್ಜಿದ. ಮತ್ತೆ ತೊಳೆದ.

'ಕೆಲಸ ಮುಗಿದ ಮೇಲೆ ತೊಳೆಯೋದಲ್ವಾ?' ಎಂದೆವು.

ಅವನು ತಲೆಯೆತ್ತದೆ ಹೇಳಿದ: 'ಭಾಯಿ, ನಿಮ್ಮ ಕತೆಯಲ್ಲಿ ನನ್ನ ಉಗುರು ಕಪ್ಪಗಿತ್ತು. ಅಂಥ ಉಗುರು ಇಟ್ಕೊಂಡು ಈ ಕೆಲಸಕ್ಕೆ ಕೈ ಹಾಕಿದ್ರೆ ನಮ್ಮ ಉಸ್ತಾದ್ ಕೆನ್ನೆಗೆ ಕೊಡ್ತಿದ್ದ. ಒಂದು ನೂಲಿನ ಎಳೆ ಒಳಗೆ ಹೋದ್ರೂ ವಾಲ್ವ್ ಸಿಕ್ಕಿಕೊಳ್ಳುತ್ತೆ.'

ಹದಿನೈದು ವರ್ಷದ ಹಿಂದೆ ನಾವು ಒಂದು ಕತೆ ಬರೆದಿದ್ದೆವು. ರಜೆಗೆ ಊರಿಗೆ ಬಂದ ಮೆಕ್ಯಾನಿಕ್ ತಮ್ಮನೊಬ್ಬ ದಸ್ತರ್‌ಖಾನಿನ ಮುಂದೆ ಕೂತು, ಉಗುರಿನ ಕಪ್ಪು ಕಾಣದಂತೆ ಬೆರಳು ಮಡಚಿಕೊಳ್ಳುವ ಕತೆ. ಓದಿದವರು ಕಣ್ಣೀರು ಬಂತು ಎಂದು ಕಾಗದ ಬರೆದಿದ್ದರು. ಛೋಟೆ ಕನ್ನಡವನ್ನು ಅಕ್ಷರ ಕೂಡಿಸಿ ಓದುವವನು. ಅವನು ಅದನ್ನು ಓದಿದ್ದಾನೆಂದು ನಮಗೆ ಗೊತ್ತೇ ಇರಲಿಲ್ಲ. ಅವನ ಕೈಗಳನ್ನು ನೋಡಿ ಬರೆದ ಕತೆಯಲ್ಲ ಅದು. ಮೆಕ್ಯಾನಿಕ್ಕನ ಕೈ ಹೀಗಿರುತ್ತದೆಂದು ಊಹಿಸಿ ಬರೆದದ್ದು. ಆಗ ಏನೂ ಹೇಳಲು ತೋಚದೆ, ಕಲಿತವರಿಗೆ ಒಗ್ಗುವ ಕೆಲಸ ಹಿಡಿದೆವು: ಇಂಗ್ಲಿಷ್ ಮ್ಯಾನುಯಲ್ ಓದಿ ಹೇಳುವುದು, ಬ್ಯಾಟರಿ ಲೈಟು ಹಿಡಿಯುವುದು.

ಎಣ್ಣೆ ಇಳಿಸಿ ಅಳತೆಯ ಡಬ್ಬಕ್ಕೆ ಹಾಕಿದ. ಹೊಸದಿರುವಾಗ ಕೆಂಪಗಿರುವ ಎಣ್ಣೆ ಚಹಾದ ಡಿಕಾಕ್ಷನ್ನಿನಂತಾಗಿತ್ತು, ಆದರೆ ಸೀದ ವಾಸನೆ ಇರಲಿಲ್ಲ. ನಿಜವಾದ ಭಯವಿದ್ದದ್ದು ಆಯಿಲ್ ಪ್ಯಾನ್ ಬಿಚ್ಚುವಾಗ. ಅದರ ತಳದಲ್ಲಿ ಅಯಸ್ಕಾಂತದ ಬಿಲ್ಲೆಗಳಿರುತ್ತವೆ. ಅವಕ್ಕೆ ಲೋಹದ ಚೂರುಗಳು ಅಂಟಿದ್ದರೆ ಒಳಗಿನ ಗೇರುಗಳೇ ಮುರಿದಿವೆ ಎಂದರ್ಥ. ಆಗ ಹೊಸ ವಾಲ್ವ್ ಬಾಡಿ ಹಾಕಿಯೂ ಪ್ರಯೋಜನವಿಲ್ಲ, ಸರ್ವಿಸ್ ಸೆಂಟರಿನವರ ಮಾತೇ ಸರಿ. ಪ್ಯಾನ್ ಕೆಳಗಿಳಿಯಿತು. ಆಪಾ ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದಳು. ಛೋಟೆ ಬಿಲ್ಲೆಯನ್ನು ಬೆರಳಲ್ಲಿ ಒರೆಸಿದ. ಸುರುಮದಂಥ ನುಣ್ಣನೆಯ ಬೂದು ಪುಡಿ, ಅಷ್ಟೆ. ಚೂರು ಒಂದೂ ಇಲ್ಲ. 'ಇದು ವಯಸ್ಸಿನ ಸವೆತ, ಪೆಟ್ಟಲ್ಲ' ಎಂದ. ಆಪಾ ಮರಳಿ ಹೋಗಿ ಕೂತಳು. ಅವಳ ಕೈ ನಡುಗುತ್ತಿದ್ದುದನ್ನು ನಾವು ನೋಡಿದೆವು.

ರಟ್ಟಿನ ಹಾಳೆಯ ಮೇಲೆ ವಾಲ್ವ್ ಬಾಡಿಯ ಚಿತ್ರ ಬರೆದು, ಬೋಲ್ಟುಗಳಿರುವ ಜಾಗಗಳಲ್ಲಿ ತೂತು ಮಾಡಿದ್ದ. ಬೋಲ್ಟುಗಳ ಉದ್ದ ಒಂದೇ ಅಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಹೊದಿಕೆಯೇ ಸೀಳಬಹುದು. ಬಿಚ್ಚಿದ ಒಂದೊಂದನ್ನೂ ರಟ್ಟಿನ ಅದೇ ತೂತಿಗೆ ಸಿಕ್ಕಿಸಿದ. ಸೊಲೆನಾಯ್ಡಿನ ತಂತಿಗಳನ್ನು ಕಳಚಿ, ಕೊನೆಯ ಬೋಲ್ಟು ತೆಗೆದು ಎರಡೂ ಕೈಯಿಂದ ಇಳಿಸಿಕೊಂಡಾಗ ಉಳಿದ ಎಣ್ಣೆ ಅವನ ತೋಳಿಗೆ ಸುರಿಯಿತು. ಅಮ್ಮಿ ಹಳೆಯ ಬನಿಯನ್ ಬಟ್ಟೆ ತಂದರು. ಅವನು ಅದನ್ನು ಬೇಡವೆಂದು ನೂಲು ಬಿಡದ ಬಟ್ಟೆ ಕೇಳಿದ.

ಹೊಸದನ್ನು ಕೂರಿಸುವ ಹೊತ್ತಿಗೆ ಅಸರ್ ಕಳೆದಿತ್ತು. ಮಳೆ ಮೋಡ ಕವಿಯುತ್ತಿತ್ತು. ಬೆಳಕು ಹೋಗುತ್ತದೆ, ಬೇಗ ಮುಗಿಸು ಎಂದು ನಾವು ಎರಡು ಮೂರು ಸಲ ಹೇಳಿದೆವು. ಬೋಲ್ಟುಗಳನ್ನು ಬಿಗಿಯುವಾಗ, ಓದು ಬಾರದವನು ಕೈಯಂದಾಜಿನಲ್ಲಿ ಮಾಡುತ್ತಾನೆ ಎಂದುಕೊಂಡಿದ್ದೆವು. ಅವನು ಟಾರ್ಕ್ ರೆಂಚ್ ತೆಗೆದು, 'ಪುಸ್ತಕದಲ್ಲಿ ಎಷ್ಟಿದೆ ಓದಿ' ಎಂದ. ಹತ್ತು ನ್ಯೂಟನ್ ಮೀಟರ್ ಎಂದೆವು. ನಡುವಿನಿಂದ ಅಂಚಿನ ಕಡೆಗೆ, ಎರಡು ಸುತ್ತಿನಲ್ಲಿ ಬಿಗಿದ. ಆಮೇಲೆ ಆಪಾಳನ್ನು ಒಳಗೆ ಕೂರಿಸಿ, ಗೇರಿನ ಲಿವರನ್ನು ಪಾರ್ಕಿಂಗಿನಿಂದ ಕೆಳಗಿನವರೆಗೆ ಎಳೆಯಲು ಹೇಳಿ ಕೆಳಗಿನಿಂದ ನೋಡಿದ. ಲಿವರು ಓಡಾಡಿತು. ಒಳಗಿನ ಕಡ್ಡಿ ಅಲುಗಲಿಲ್ಲ.

ಲಿವರಿನ ತುದಿಯ ಪಿನ್ನು ಆ ಕಡ್ಡಿಯ ಕಚ್ಚಿನೊಳಗೆ ಕೂರಬೇಕಿತ್ತು. ಪಕ್ಕಕ್ಕೆ ಜಾರಿ ಕೂತಿತ್ತು. ಹಾಗೆಯೇ ಪ್ಯಾನ್ ಮುಚ್ಚಿ ಎಣ್ಣೆ ತುಂಬಿದ್ದರೆ ಆಪಾ ರಿವರ್ಸ್ ಎಂದರೆ ಕಾರಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಛೋಟೆ ಕಾರಿನಡಿಯಿಂದ ಹೊರಬಂದು, ಒಂದು ಲೋಟ ನೀರು ಕುಡಿದು, ಮತ್ತೆ ಕೈ ತೊಳೆದ. ಯಾರ ಮೇಲೂ ಸಿಡುಕಲಿಲ್ಲ. ಮಗ್ರಿಬ್ ನಮಾಜು ಮುಗಿಸಿ ಬಂದು ಅಷ್ಟೂ ಬೋಲ್ಟುಗಳನ್ನು ಮತ್ತೆ ಬಿಚ್ಚಿದ, ಮತ್ತೆ ರಟ್ಟಿಗೆ ಸಿಕ್ಕಿಸಿದ. ಮಳೆ ಬಂತು. ಟಾರ್ಪಾಲು ಕಟ್ಟಿ, ಅಮ್ಮಿಯೂ ಒಂದು ಲೈಟು ಹಿಡಿದು ನಿಂತರು. ಈ ಸಲ ನಾವು ಬಾಯಿ ಮುಚ್ಚಿಕೊಂಡಿದ್ದೆವು. ಪಿನ್ನು ಕಚ್ಚಿನಲ್ಲಿ ಕೂತದ್ದನ್ನು ಬೆರಳಿನಿಂದ ಮುಟ್ಟಿ ನೋಡಿ, ಆಪಾಳಿಂದ ಲಿವರು ಎಳೆಸಿ, ಆಮೇಲೆಯೇ ಬಿಗಿದ. ಪ್ಯಾನ್ ಮುಚ್ಚಿದಾಗ ರಾತ್ರಿ ಹತ್ತೂವರೆ.

ಇಳಿಸಿದಷ್ಟೇ ಎಣ್ಣೆಯನ್ನು ಅಳೆದು ತುಂಬಿದ. ಎಂಜಿನ್ ಶುರುವಾಯಿತು. ಆಪಾ ಬ್ರೇಕ್ ಒತ್ತಿಕೊಂಡು ಲಿವರನ್ನು ಒಂದೊಂದು ಮನೆಯಲ್ಲೂ ಕೆಲವು ಸೆಕೆಂಡು ನಿಲ್ಲಿಸುತ್ತ ಹೋದಳು, ಕಾಲುವೆಗಳೆಲ್ಲ ತುಂಬಿಕೊಳ್ಳಲೆಂದು. ಎಣ್ಣೆ ಬಿಸಿಯಾದ ಮೇಲೆ ಮಟ್ಟ ನೋಡಿ ಸ್ವಲ್ಪ ಸೇರಿಸಿದ. ಸ್ಕ್ಯಾನರಿನಿಂದ ಕಂಪ್ಯೂಟರಿನ ಹಳೆಯ ಲೆಕ್ಕ ಅಳಿಸಿ, 'ಹೊಸದನ್ನು ಇದು ಓಡುತ್ತಾ ಕಲಿಯಬೇಕು, ಆಪಾ. ಒಂದು ವಾರ ಮೆಲ್ಲಗೆ ಓಡಿಸು' ಎಂದ. ಮಳೆ ನಿಂತ ರಸ್ತೆಯಲ್ಲಿ ನಾಲ್ವರೂ ಕೂತು ಹೊರಟೆವು. ಒಂದು, ಎರಡು ಎಂದು ಎಣಿಸುತ್ತಿದ್ದೆವು. ಮೂರು ಯಾವಾಗ ಬಂತೋ ತಿಳಿಯಲೇ ಇಲ್ಲ. ಆಪಾ ಮಾತಾಡಲಿಲ್ಲ. ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಪರ್ಸಿನಿಂದ ಆ ನಾಲ್ಕು ಮಡಿಕೆಯ ಕಾಗದ ತೆಗೆದು ಹಿಂದಿನ ಸೀಟಿಗೆ ಕೊಟ್ಟು, 'ಛೋಟೆ, ಇದರಲ್ಲಿ ಕೈ ಒರೆಸಿಕೋ' ಎಂದಳು.

ಇದನ್ನು ಓದಿ ಯಾರೂ ಪಾನಾ ಹಿಡಿದು ಕಾರಿನಡಿ ನುಗ್ಗಬೇಡಿ. ಕೆಲವು ಕಾರುಗಳಲ್ಲಿ ಹೊಸ ವಾಲ್ವ್ ಬಾಡಿಯನ್ನು ಕಂಪ್ಯೂಟರಿಗೆ ಪರಿಚಯಿಸದೆ ಗಾಡಿ ಹೊರಡುವುದೇ ಇಲ್ಲ. ರೋಗ ವಾಲ್ವ್ ಬಾಡಿಯದೇ ಎಂದು ಖಾತ್ರಿಯಾಗದೆ ಬದಲಿಸಿದರೆ ಹಣ ನೀರಿನಲ್ಲಿ ಹೋಗುತ್ತದೆ. ಮನೆಯಲ್ಲಿ ಮಾಡಿದೆವು ಎಂದರೆ, ಹದಿನಾಲ್ಕು ವರ್ಷ ಅದನ್ನೇ ಮಾಡಿದವನು ಮನೆಯಲ್ಲಿದ್ದ ಎಂದರ್ಥ.

ಮರುದಿನ ಹಳೆಯ ವಾಲ್ವ್ ಬಾಡಿಯನ್ನು ಅಮ್ಮಿಯ ದೊಡ್ಡ ಥಾಲಿಯಲ್ಲಿಟ್ಟು ಬಿಚ್ಚಿ ತೋರಿಸಿದ. ಸವೆದ ತೂತಿನ ಒಳಮೈಯಲ್ಲಿ ತಿಕ್ಕಿದ ಹೊಳಪು ಬೆರಳುಗುರಿಗೆ ಸಿಗುತ್ತಿತ್ತು. ಆಗ ನಮಗೆ ಉರ್ದು ಶಾಲೆಯಲ್ಲಿ ಕೇಳಿದ್ದು ನೆನಪಾಯಿತು. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂಬ ಮೂವರು ಅಣ್ಣತಮ್ಮಂದಿರು ಸುಮಾರು ನೂರು ಚಮತ್ಕಾರದ ಯಂತ್ರಗಳ ಬಗ್ಗೆ ಪುಸ್ತಕ ಬರೆದರು. ನೀರನ್ನು ತಾನಾಗಿ ನಿಲ್ಲಿಸಿ ತಾನಾಗಿ ಬಿಡುವ ಕವಾಟಗಳು ಅದರಲ್ಲಿವೆ. ಅದನ್ನು ಹೇಳಿದೆವು. ಛೋಟೆ ಕೇಳಿದ: 'ಮೂವರೂ ಬರೆದರಾ? ಮಾಡಿದವರು ಯಾರು?'

ನಾವು ನಕ್ಕೆವು, ಆಪಾ ನಗಲಿಲ್ಲ.

ಈಗ ವಾರಕ್ಕೆ ಒಂದೆರಡು ಆಟೋಮ್ಯಾಟಿಕ್ ಕಾರುಗಳು ನಮ್ಮ ಅಂಗಳಕ್ಕೆ ಬರುತ್ತವೆ. ಐ.ಟಿ.ಐ. ಕೇಳಿದ್ದ ಒಂದು ವರ್ಕ್‌ಷಾಪಿನವರೂ ಒಂದು ಕಾರು ಕಳಿಸಿದ್ದರು. ಆಪಾ ವರ್ಗಾವಣೆಯ ಅರ್ಜಿ ಹಾಕಲಿಲ್ಲ. ಆ ದಿನದ ಬಗ್ಗೆ ಬರೆಯುತ್ತೇವೆ ಎಂದು ಹೇಳಿದಾಗ ಛೋಟೆ ಅಂದ: 'ಬರೀರಿ, ಭಾಯಿ. ಆದರೆ ಈ ಸಲ ಕೈ ತೊಳೆದದ್ದು ಬರೀರಿ. ಪಿನ್ನು ತಪ್ಪಿದ್ದನ್ನೂ ಬಿಡಬೇಡಿ, ಅದು ನನ್ನ ತಪ್ಪು.'

ಅವನು ಹೇಳಿದಂತೆಯೇ ಬರೆದಿದ್ದೇವೆ. ಒಂದು ತಿದ್ದುಪಡಿ ಮಾತ್ರ. ಪಿನ್ನು ತಪ್ಪಿದ್ದು ಅವನಿಂದಲ್ಲ. ಬೆಳಕು ಹೋಗುತ್ತದೆ, ಬೇಗ ಮುಗಿಸು ಎಂದು ಅವಸರ ಮಾಡಿದ್ದು ನಾವು.