ಸೊಸೆ ಗವರ್ನರ್ ಚುನಾವಣೆಗೆ ನಿಂತದ್ದು

ನಮ್ಮ ನಿಜಲಿಂಗಪ್ಪ ಬಡಾವಣೆಗೆ ಚುನಾವಣೆ ಬಂತೆಂದರೆ ಅದು ಮೊದಲು ಗೊತ್ತಾಗುವುದು ನಾಯಿಗಳಿಗೆ. ಎರಡು ರಸ್ತೆಯಾಚೆ ಆಟೋದ ಮೈಕು ಕೂಗಿದರೆ ಸಾಕು, ಇವು ಇಲ್ಲಿಂದಲೇ ಪ್ರತಿಭಾಷಣ ಶುರು ಮಾಡುತ್ತವೆ. ಆಮೇಲೆ ಹೂವಿನ ಹಾರ, ಹೆಗಲ ಮೇಲೆ ಶಾಲು, ಹಿಂದೆ ಮುಂದೆ ಹುಡುಗರ ದಂಡು, ನಡುವೆ ಕೈಮುಗಿದ ಅಭ್ಯರ್ಥಿ. ಗೇಟಿನ ಹತ್ತಿರ ನಿಂತು "ಅಮ್ಮಾ, ಆಶೀರ್ವಾದ ಮಾಡ್ರಿ" ಎನ್ನುತ್ತಾರೆ. ನಲ್ಲಿ ನೀರಿನ ವಿಷಯ ಕೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಪಕ್ಕದ ಮನೆಯ ಗೇಟಿನಲ್ಲಿರುತ್ತಾರೆ. ಇಷ್ಟು ವರ್ಷ ತಪ್ಪದೆ ಓಟು ಹಾಕಿದ್ದೇನೆ. ಅಭ್ಯರ್ಥಿಯೊಬ್ಬರಿಗೆ ಪ್ರಶ್ನೆ ಕೇಳಿ, ಅದಕ್ಕೆ ಪೂರ್ತಿ ಉತ್ತರ ಕೇಳಿಸಿಕೊಂಡ ಭಾಗ್ಯ ಮಾತ್ರ ನನ್ನದಾಗಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಂತೂ ನನಗೆ ತುಂಬಾ ಆಸೆಯಿತ್ತು. ದಾವಣಗೆರೆಯಲ್ಲಿ ಎರಡು ದೊಡ್ಡ ಪಕ್ಷಗಳೂ ಹೆಣ್ಣುಮಕ್ಕಳನ್ನೇ ನಿಲ್ಲಿಸಿದ್ದವು. ಕಾಂಗ್ರೆಸ್ಸಿನಿಂದ ಡಾ. ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ. ಇಬ್ಬರೂ ರಾಜಕೀಯದ ಮನೆತನದವರೇ. ಆದರೂ ಹೆಂಗಸರಿಬ್ಬರು ಎದುರುಬದುರಾಗಿ ಕೂತು ಊರಿನ ಕಷ್ಟಸುಖ ಚರ್ಚಿಸಿದರೆ ಹೇಗಿರುತ್ತದೆ ಎಂದು ನೋಡುವ ಆಸೆ ನನಗೆ. ಪ್ರಚಾರದ ನಡುವೆ ಹಿರಿಯ ನಾಯಕರೊಬ್ಬರಿಂದ ಎದುರು ಪಕ್ಷದ ಅಭ್ಯರ್ಥಿ ಅಡುಗೆ ಮಾಡಲಷ್ಟೇ ಲಾಯಕ್ಕು ಎಂಬ ಅರ್ಥದ ಮಾತು ಬಂತು. ರಾಜ್ಯದ ತುಂಬ ಗದ್ದಲವಾಯಿತು. ಆದರೆ ಇಬ್ಬರೂ ಒಂದೇ ವೇದಿಕೆಯಲ್ಲಿ ಕೂತು ಮಾತಾಡಿದ್ದನ್ನು ನಾನಂತೂ ನೋಡಲಿಲ್ಲ. ಮೇ 7ರಂದು ಓಟು ಹಾಕಿ ಬಂದೆವು. ಪ್ರಭಾ ಅವರು 26,094 ಓಟುಗಳಿಂದ ಗೆದ್ದರು. ಇಲ್ಲೇ ಪಕ್ಕದ ಹರಿಹರದಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿದ್ದಾರೆ. ಹೊಯ್ಸಳರ ಕಾಲದಿಂದ ಎಂಟುನೂರು ವರ್ಷ ಒಟ್ಟಿಗಿದ್ದೂ ಅವರಿಗೆ ಬೇಸರ ಬಂದಿಲ್ಲ. ನಮ್ಮ ಅಭ್ಯರ್ಥಿಗಳಿಗೆ ಒಂದು ಗಂಟೆ ಒಂದೇ ವೇದಿಕೆಯಲ್ಲಿ ನಿಲ್ಲುವುದು ಕಷ್ಟ!

ಇಂಥ ಊರಿನಲ್ಲಿ, ಇಂಥ ಮನೆಯಲ್ಲಿ, ಒಂದು ದಿನ ನನ್ನ ಸೊಸೆ ಬೆಳ್ಳುಳ್ಳಿ ಸುಲಿಯುತ್ತಾ, "ಅತ್ತೆ, ನಾನು ಗವರ್ನರ್ ಚುನಾವಣೆಗೆ ನಿಂತಿದೀನಿ" ಎಂದಳು.

ನಾನು ನಕ್ಕುಬಿಟ್ಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು ನಾನು. ರಾಜ್ಯಪಾಲರಿಗೆ ಚುನಾವಣೆಯೆಲ್ಲಿ ಬಂತು? ರಾಷ್ಟ್ರಪತಿಗಳು ನೇಮಿಸುತ್ತಾರೆ, ಸಂವಿಧಾನದ 155ನೇ ವಿಧಿ. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ ಅದು!

"ಇಲ್ಲಿ ಅಲ್ಲ ಅತ್ತೆ, ಅಮೆರಿಕದ ಥರದ್ದು. ಕಂಪ್ಯೂಟರಿನಲ್ಲಿ ಆಡೋ ಆಟ" ಎಂದಳು.

ಅವಳು ವಿವರಿಸಿದ ಮೇಲೆ ನನಗೆ ತಿಳಿದದ್ದು ಇಷ್ಟು. ಅದೊಂದು ಇಲ್ಲದ ರಾಜ್ಯ. ಬೇರೆ ಬೇರೆ ದೇಶದಲ್ಲಿರುವ ಐವತ್ತು ಅರವತ್ತು ಜನ ಇಂಟರ್‌ನೆಟ್ಟಿನಲ್ಲಿ ಸೇರಿ ಆ ರಾಜ್ಯ ನಡೆಸುತ್ತಾರೆ. ಪಕ್ಷ ಕಟ್ಟುತ್ತಾರೆ, ಮಸೂದೆ ಬರೆಯುತ್ತಾರೆ, ಬಜೆಟ್ ಮಂಡಿಸಿ ಜಗಳವಾಡುತ್ತಾರೆ. ಕಾಲಕಾಲಕ್ಕೆ ಚುನಾವಣೆ. ಆಡುವವರೇ ಮತದಾರರು. ಯಾರಿಗೂ ನಿಜವಾದ ಹೆಸರಿಲ್ಲ. ಇವಳ ಕಾಲೇಜು ಗೆಳತಿಯೊಬ್ಬಳು ಅಮೆರಿಕದಲ್ಲಿದ್ದಾಳಲ್ಲ, ಅವಳು ಸೇರಿಸಿದ್ದಂತೆ. ಮಗುವಿಗಾಗಿ ಕೆಲಸ ಬಿಟ್ಟು ಮನೆಯಲ್ಲಿದ್ದ ಈ ಹುಡುಗಿ ರಾತ್ರಿ ಪಾತ್ರೆ ಎತ್ತಿಟ್ಟ ಮೇಲೆ ಒಂದು ಗಂಟೆ ರಾಜ್ಯಭಾರ ಮಾಡುತ್ತಿದ್ದಳು. ನಮಗೆ ಗೊತ್ತಿದ್ದದ್ದು "ಹೂಂ ಅತ್ತೆ", "ಆಯ್ತು ಮಾವ" ಎಂಬ ಎರಡು ಮಾತಿನ ಸೊಸೆ.

ಅಮೆರಿಕದಲ್ಲಿ ಐವತ್ತು ರಾಜ್ಯಕ್ಕೂ ಗವರ್ನರನ್ನು ಜನರೇ ಆರಿಸುತ್ತಾರೆ. ನಮ್ಮ ಮುಖ್ಯಮಂತ್ರಿ ಮಾಡುವ ಕೆಲಸ ಅಲ್ಲಿ ಅವರದು. ನಮ್ಮಲ್ಲೂ ಹಾಗೇ ಆಗಬಹುದಿತ್ತು ಎಂದು ನಾನು ಸೊಸೆಗೆ ಹೇಳಿದೆ. ಪಾಠ ಹೇಳುವ ಚಪಲ ಹೋಗಬೇಕಲ್ಲ! 1948ರ ಕರಡು ಸಂವಿಧಾನದಲ್ಲಿ ಎರಡು ದಾರಿ ಇಟ್ಟಿದ್ದರು. ಒಂದು, ರಾಜ್ಯಪಾಲರನ್ನು ಜನರೇ ನೇರವಾಗಿ ಆರಿಸುವುದು. ಇನ್ನೊಂದು, ಶಾಸಕರು ಆರಿಸಿದ ನಾಲ್ವರ ಪಟ್ಟಿಯಿಂದ ರಾಷ್ಟ್ರಪತಿ ಒಬ್ಬರನ್ನು ನೇಮಿಸುವುದು. 1949ರ ಮೇ ತಿಂಗಳ ಕೊನೆಯಲ್ಲಿ ಸಂವಿಧಾನ ಸಭೆ ಎರಡನ್ನೂ ಬಿಟ್ಟು ನೇಮಕವನ್ನೇ ಒಪ್ಪಿತು. ಜನ ಆರಿಸಿದ ಮುಖ್ಯಮಂತ್ರಿಯೂ ಜನ ಆರಿಸಿದ ರಾಜ್ಯಪಾಲರೂ ಇದ್ದರೆ ಒಂದೇ ಅಡುಗೆಮನೆಯಲ್ಲಿ ಇಬ್ಬರು ಯಜಮಾನಿಯರಿದ್ದ ಹಾಗಾದೀತು ಎಂಬ ಭಯ. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಎಸ್. ನಿಜಲಿಂಗಪ್ಪನವರೂ ಆ ಸಭೆಯ ಸದಸ್ಯರಾಗಿದ್ದವರೇ. ಕರ್ನಾಟಕಕ್ಕೆ 1999ರಿಂದ 2002ರವರೆಗೆ ವಿ. ಎಸ್. ರಮಾದೇವಿಯವರು ರಾಜ್ಯಪಾಲರಾಗಿದ್ದರು. ದೇಶದ ಮೊದಲ ಮಹಿಳಾ ಮುಖ್ಯ ಚುನಾವಣಾ ಆಯುಕ್ತರೂ ಅವರೇ. ಎಲ್ಲರ ಚುನಾವಣೆ ನಡೆಸುವ ಹುದ್ದೆಯಲ್ಲಿದ್ದವರು ಚುನಾವಣೆಯಿಲ್ಲದ ಹುದ್ದೆಗೆ ಬಂದರು.

ಸೊಸೆ ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಸರಿ ಅತ್ತೆ, ಈಗ ಒಂದು ತೊಂದರೆ ಬಂದಿದೆ" ಎಂದಳು.

ತೊಂದರೆ ಇದು. ಮತದಾನಕ್ಕೆ ಮೊದಲು ಇಬ್ಬರು ಅಭ್ಯರ್ಥಿಗಳೂ ವಾದ ಮಾಡಬೇಕು. ಇಷ್ಟು ದಿನ ಎಲ್ಲ ಬರವಣಿಗೆಯಲ್ಲೇ ನಡೆದಿತ್ತು. ಈ ಸಲ ಬಾಯಿಮಾತಿನಲ್ಲಿ. ಇವಳು ಇಟ್ಟುಕೊಂಡ ಹೆಸರಿನಿಂದ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಎಲ್ಲರೂ ಗಂಡಸೆಂದೇ ತಿಳಿದಿದ್ದಾರೆ. ಗಂಡಸೆಂದು ತಿಳಿದದ್ದರಿಂದಲೇ ತನ್ನ ಬಜೆಟ್ಟಿನ ಲೆಕ್ಕಕ್ಕೆ ಬೆಲೆ ಕೊಟ್ಟರೇನೋ, ದನಿ ಕೇಳಿದ ಮೇಲೆ ಏನಾದೀತೋ ಎಂದು ಅವಳ ಅಳುಕು. "ಬಿಟ್ಟುಬಿಡ್ಲಾ ಅತ್ತೆ?" ಎಂದು ಕೇಳಿದಳು.

ನನ್ನ ತವರು ಸಾಗರದ ಕಡೆ. ಅಲ್ಲಿ ಮಳೆಗಾಲದ ರಾತ್ರಿ ಮನೆಮನೆಗಳಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಯಕ್ಷಗಾನದ ಪ್ರಸಂಗವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಪಂಚೆ ಶರ್ಟಿನಲ್ಲೇ ಎದುರುಬದುರು ಕೂತು ಕೃಷ್ಣನಾಗಿ, ಕೌರವನಾಗಿ ವಾದ ಹೂಡುತ್ತಾರೆ. ಮೊದಲೇ ಬರೆದಿಟ್ಟ ಮಾತಿಲ್ಲ. ಎದುರಿನವನು ಎತ್ತಿದ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಟ್ಟಬೇಕು. ಇವತ್ತು ಕೃಷ್ಣನಾದವನು ನಾಳೆ ಕೌರವನಾಗಿ ಅಷ್ಟೇ ಜೋರಾಗಿ ವಾದಿಸಬೇಕು. ನಾವು ಹೆಣ್ಣುಮಕ್ಕಳು ಒಳಬಾಗಿಲ ಹಿಂದೆ ಕೂತು ಕೇಳುತ್ತಿದ್ದೆವು. ಕೌರವ ಬಾಯಿಕಟ್ಟಿ ಕೂತಾಗ ನನಗೊಂದು ಉತ್ತರ ಹೊಳೆದು ನಾಲಿಗೆ ತುದಿಗೆ ಬರುತ್ತಿತ್ತು, ಬಾಗಿಲು ದಾಟುತ್ತಿರಲಿಲ್ಲ. ಈಗ ಮಹಿಳೆಯರದೇ ತಂಡಗಳಿವೆ, ನೋಡಿ ಹೊಟ್ಟೆ ತಣ್ಣಗಾಗುತ್ತದೆ.

ಜನಕನ ಸಭೆಯಲ್ಲಿ ಗಾರ್ಗಿಯೊಬ್ಬಳು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಳು. ಇನ್ನೂ ಕೇಳಿದರೆ ನಿನ್ನ ತಲೆ ಉದುರೀತು ಎಂದು ಯಾಜ್ಞವಲ್ಕ್ಯ ಎಚ್ಚರಿಸಿದ. ಆಗ ಸುಮ್ಮನಾದವಳು ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಎರಡು ಪ್ರಶ್ನೆ ಎಸೆದಳು. ತಲೆ ಉದುರಲಿಲ್ಲ. ಇದನ್ನೇ ಸೊಸೆಗೆ ಹೇಳಿ, "ತಾಳಮದ್ದಳೆಯಲ್ಲಿ ದನಿಯೇ ವೇಷ. ಹೋಗು, ಮಾತಾಡು" ಎಂದೆ.

ತಯಾರಿಗೆಂದು ಅವಳು ಮೊಬೈಲಿನಲ್ಲಿ ಒಂದು ವಾದ ತೋರಿಸಿದಳು. ಅಮೆರಿಕದ ವರ್ಜೀನಿಯಾ ರಾಜ್ಯದ ಗವರ್ನರ್ ಸ್ಥಾನಕ್ಕೆ 2025ರಲ್ಲಿ ನಿಂತ ಮುಖ್ಯ ಅಭ್ಯರ್ಥಿಗಳಿಬ್ಬರೂ ಹೆಂಗಸರೇ: ಅಬಿಗೇಲ್ ಸ್ಪ್ಯಾನ್‌ಬರ್ಗರ್ ಮತ್ತು ವಿನ್ಸಮ್ ಅರ್ಲ್-ಸಿಯರ್ಸ್. ಅಕ್ಟೋಬರ್ 9ರಂದು ಒಂದೇ ವೇದಿಕೆಯಲ್ಲಿ ನಿಂತಿದ್ದರು. ಒಬ್ಬರು ನಡುನಡುವೆ ಬಾಯಿ ಹಾಕುತ್ತಿದ್ದರು, ಇನ್ನೊಬ್ಬರು ಅವರ ಕಡೆ ತಿರುಗದೆ ನೇರ ಮುಂದಕ್ಕೇ ನೋಡುತ್ತಿದ್ದರು. ನನಗಂತೂ ಆಸ್ತಿ ಪಾಲಿನ ದಿನದ ಓರಗಿತ್ತಿಯರ ನೆನಪಾಯಿತು. ಆದರೂ ಒಂದು ಮಾತು ಒಪ್ಪಬೇಕು. ಅಲ್ಲಿ ಪ್ರಶ್ನೆ ಕೇಳುವವರಿದ್ದರು. ಉತ್ತರ ಕೊಡದೆ ಜಾರಿಕೊಂಡರೆ ಜಾರಿದ್ದು ಎಲ್ಲರಿಗೂ ಕಾಣುತ್ತಿತ್ತು. ನವೆಂಬರಿನಲ್ಲಿ ಸ್ಪ್ಯಾನ್‌ಬರ್ಗರ್ ಗೆದ್ದು ಆ ರಾಜ್ಯದ ಮೊದಲ ಮಹಿಳಾ ಗವರ್ನರ್ ಆದರು.

ಅಲ್ಲಿಯ ಶನಿವಾರ ಸಂಜೆ ಎಂದರೆ ನಮ್ಮ ಭಾನುವಾರ ಬೆಳಗಿನ ಆರು ಗಂಟೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಶಾಲು ಹೊದ್ದು ಸೊಸೆ ಕೂತಳು. ಕುಕ್ಕರ್ ಕೂಗದಂತೆ ನಾನು ಒಲೆ ಹಚ್ಚಲೇ ಇಲ್ಲ. ಹಾಲಿನವನಿಗೆ ಗೇಟಿನಲ್ಲೇ ಕೈಸನ್ನೆ. ನಮ್ಮವರಿಗೆ ಸೀನು ಬಂದರೆ ಹಿತ್ತಲಿಗೆ ಹೋಗಬೇಕೆಂದು ಆಜ್ಞೆ.

ಪ್ರಶ್ನೆ ಕೇಳುವವನೊಬ್ಬ, ಉತ್ತರಕ್ಕೆ ಎರಡು ನಿಮಿಷ, ಎದುರಾಳಿಗೆ ಮರುತ್ತರಕ್ಕೆ ಒಂದು ನಿಮಿಷ. ಒಬ್ಬರು ಮಾತಾಡುವಾಗ ಇನ್ನೊಬ್ಬರ ದನಿ ಮ್ಯೂಟ್. ಇವಳು ಮೊದಲ ಮಾತು ಆಡಿದಾಗ ಆಚೆ ಒಂದು ಕ್ಷಣ ಮೌನವಾಯಿತು. ಆಮೇಲೆ ಎಲ್ಲ ಮಾಮೂಲಿನಂತೆ ನಡೆಯಿತು.

ಮೂರನೆಯ ಪ್ರಶ್ನೆ ನೀರಿನದು. ಬರಗಾಲದ ವರ್ಷ, ಅಣೆಕಟ್ಟೆಯಲ್ಲಿ ನೀರು ಕಡಿಮೆ. ನಗರಕ್ಕೆ ಎಷ್ಟು, ಮೇಲಿನ ರೈತರಿಗೆ ಎಷ್ಟು, ಕೆಳಗಿನವರಿಗೆ ಎಷ್ಟು? ಎದುರಾಳಿ ಪಳಗಿದ ದನಿಯಲ್ಲಿ ಕೋಟಿಗಟ್ಟಲೆ ಡಾಲರಿನ ಯೋಜನೆ ಹೇಳಿದ. ಸೊಸೆಯ ಸರದಿ ಬಂದಾಗ ನಾನು ಬಾಗಿಲ ಬಳಿ ನಿಂತಿದ್ದೆ.

ಅವಳ ತವರು ಹರಿಹರ ತಾಲ್ಲೂಕಿನಲ್ಲಿ ಮಲೇಬೆನ್ನೂರಿನ ಕಡೆ, ಭದ್ರಾ ನಾಲೆಯ ಕೊನೆಭಾಗ. ಜಲಾಶಯ ಇರುವುದು ಅಷ್ಟು ದೂರದ ಲಕ್ಕವಳ್ಳಿಯಲ್ಲಿ. ಪೂರ್ಣಮಟ್ಟ 186 ಅಡಿ ಎಂದು ನಮ್ಮಲ್ಲಿ ಮಕ್ಕಳೂ ಹೇಳುತ್ತಾರೆ, ಪತ್ರಿಕೆಯಲ್ಲಿ ದಿನವೂ ಅಂದಿನ ಮಟ್ಟ ಬರುತ್ತದೆ. ನಮ್ಮ ಊರಿನವರು ಕುಡಿಯುವ ನೀರಿಗೂ ಆ ನಾಲೆ ಬೇಕು. ಕುಂದವಾಡ ಕೆರೆ ತುಂಬುವುದು ಅದರಿಂದಲೇ. ಆದರೆ ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತಿಕೊಂಡರೆ ಕೊನೆಭಾಗದ ಗದ್ದೆಗೆ ನೀರು ತಲುಪುವುದು ಕಾಗದದಲ್ಲಿ ಮಾತ್ರ. ನೀರು ಬಿಟ್ಟ ದಿನ ಅಪ್ಪ ರಾತ್ರಿಯೆಲ್ಲಾ ನಾಲೆಯ ಮೇಲೆ ಟಾರ್ಚ್ ಹಿಡಿದು ಕಾಯುತ್ತಿದ್ದುದನ್ನು ಈ ಹುಡುಗಿ ಕಂಡವಳು.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟೇ. ನೀರನ್ನು ಅಣೆಕಟ್ಟೆಯ ಬಾಗಿಲಲ್ಲಿ ಅಳೆಯುವುದು ಬಿಡಿ, ಕಾಲುವೆಯ ಕೊನೆಯಲ್ಲಿ ಅಳೆಯಿರಿ. ಆ ಅಳತೆಯನ್ನು ದಿನವೂ ಪ್ರಕಟಿಸಿ. ಸರದಿಯಲ್ಲಿ ನೀರು ಬಿಡುವಾಗ ಮೊದಲ ಸರದಿ ಕೊನೆಯವರಿಗೆ. ನೀರು ಹಂಚುವ ಸಮಿತಿಯಲ್ಲಿ ಅವರೂ ಕೂತಿರಲಿ.

ಪ್ರಶ್ನೆ ಕೇಳುವವನು ಬಿಡಲಿಲ್ಲ. "ಹಾಗೆ ಮಾಡಿದರೆ ಮೇಲಿನ ರೈತರ ಓಟು ಕಳೆದುಕೊಳ್ಳುತ್ತೀರಲ್ಲ?"

"ಹೌದು, ಕಳೆದುಕೊಳ್ಳಬಹುದು" ಎಂದಳು ಸೊಸೆ.

ಇಷ್ಟು ವರ್ಷದಲ್ಲಿ ಅಭ್ಯರ್ಥಿಯೊಬ್ಬರು ಪ್ರಶ್ನೆಗೆ "ಹೌದು" ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ನಮ್ಮ ಊಟದ ಮೇಜಿನಿಂದ!

ಏಳು ಓಟಿನಿಂದ ಸೋತಳು. ಫಲಿತಾಂಶ ಬಂದ ದಿನ ಸಮಾಧಾನ ಹೇಳಲು ಹೋದೆ. "ಬೇಜಾರಿಲ್ಲ ಅತ್ತೆ" ಎಂದಳು. "ನಾನು ಮಾತಾಡೋವಾಗ ಎರಡು ನಿಮಿಷ ಯಾರೂ ನಡುವೆ ಬಾಯಿ ಹಾಕ್ಲಿಲ್ಲ. ಅದೇ ದೊಡ್ಡದು."

ಆ ಮಾತು ನನ್ನನ್ನು ಎರಡು ದಿನ ಕಾಡಿತು. ಸಂಸಾರಸ್ಥ ಹೆಂಗಸೊಬ್ಬಳು ದಿನಕ್ಕೆ ಸಾವಿರ ಮಾತಾಡುತ್ತಾಳೆ, ನಿಜ. ಟವೆಲ್ ಅಲ್ಲಿದೆ, ಸಾರಿಗೆ ಉಪ್ಪು ಸಾಕಾ, ಹೋಂವರ್ಕ್ ಆಯಿತಾ. ಆದರೆ ನಿನ್ನ ಅಭಿಪ್ರಾಯವೇನು ಎಂದು ಕೇಳಿ, ಎರಡು ನಿಮಿಷ ಬಾಯಿಮುಚ್ಚಿ ಕಾಯುವವರು ಎಷ್ಟು ಮನೆಯಲ್ಲಿದ್ದಾರೆ? ಓದುತ್ತಿರುವ ನೀವೇ ನಿಮ್ಮ ಮನೆಯ ಲೆಕ್ಕ ಹಾಕಿ ನೋಡಿ.

ನಮ್ಮ ಮನೆಯಲ್ಲೂ ಒಂದು ವಿಷಯ ತೀರ್ಮಾನವಾಗಿಹೋಗಿತ್ತು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಗನನ್ನು ಕಂಪನಿ ಬೆಂಗಳೂರಿಗೆ ಕರೆದಿತ್ತು. ಜೂನ್ ಹೊತ್ತಿಗೆ ಎಲ್ಲರೂ ಹೊರಡುವುದು, ಬಾಡಿಗೆ ಮನೆಯೂ ನೋಡಿಯಾಗಿದೆ. ಅದೇ ಹೊತ್ತಿಗೆ ಸೊಸೆಗೆ ಇಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸಕ್ಕೆ ಕರೆ ಬಂದಿದ್ದು ನನಗೆ ತಿಳಿದದ್ದು, ಅವಳು ಆ ಕಾಗದವನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಾಗ.

ಒಂದು ರಾತ್ರಿ ಊಟವಾದ ಮೇಲೆ ನಾನೇ ಹೇಳಿದೆ. "ಇವತ್ತು ನಮ್ಮನೆಯಲ್ಲಿ ವಾದ. ಎರಡೆರಡು ನಿಮಿಷ. ಪ್ರಶ್ನೆ ಕೇಳೋಳು ನಾನು." ಒಂಬತ್ತು ವರ್ಷದ ಮೊಮ್ಮಗ ಮೊಬೈಲಿನಲ್ಲಿ ಟೈಮರ್ ಹಿಡಿದು ಕೂತ. ನಮ್ಮವರು ಪೇಪರ್ ಮಡಿಸಿದರು.

ಮಗ ತನ್ನ ಸರದಿಯಲ್ಲಿ ಚೆನ್ನಾಗಿಯೇ ಹೇಳಿದ. ಸಂಬಳ, ಸಾಲದ ಕಂತು, ಮಗುವಿನ ಶಾಲೆ. ಯಾವುದೂ ಸುಳ್ಳಲ್ಲ. ಸೊಸೆಯ ಸರದಿ ಬಂದು ಇಪ್ಪತ್ತು ಸೆಕೆಂಡಿಗೆ ಮಗ "ಅದಲ್ಲ ವಿಷಯ..." ಎಂದು ಶುರು ಮಾಡಿದ. "ಅಪ್ಪಾ, ಮ್ಯೂಟ್!" ಎಂದ ಮೊಮ್ಮಗ. ಎಲ್ಲರೂ ನಕ್ಕೆವು. ಸೊಸೆ ನಗಲಿಲ್ಲ. ತನ್ನ ಕೆಲಸದ ವಿಷಯ ಹೇಳಿದಳು, ಇಲ್ಲಿದ್ದರೆ ಉಳಿಯುವ ಬಾಡಿಗೆಯ ಲೆಕ್ಕ ಹೇಳಿದಳು, ತವರಿನಲ್ಲಿ ಅಪ್ಪನಿಗೆ ವಯಸ್ಸಾಯಿತೆಂದಳು. ಕೊನೆಗೆ, "ಬೆಂಗಳೂರಿಗೆ ಹೋಗೋದು ಅಂತ ತೀರ್ಮಾನ ಆದ ದಿನ ನಾನು ಎಲ್ಲಿದ್ದೆ?" ಎಂದು ಗಂಡನನ್ನು ಕೇಳಿದಳು.

ಮಗ ಸ್ವಲ್ಪ ಹೊತ್ತು ಯೋಚಿಸಿ, "ಅಡುಗೆಮನೇಲಿದ್ದೆ" ಎಂದ.

ಟೈಮರಿನಲ್ಲಿ ಇನ್ನೂ ಹದಿನೈದು ಸೆಕೆಂಡ್ ಉಳಿದಿತ್ತು. ಅಷ್ಟು ಹೊತ್ತೂ ಯಾರೂ ಮಾತಾಡಲಿಲ್ಲ.

ತೀರ್ಮಾನ ಇನ್ನೂ ಆಗಿಲ್ಲ. ಕಾಲೇಜಿನವರಿಗೆ ಉತ್ತರ ಕೊಡಲು ತಿಂಗಳ ಕೊನೆಯವರೆಗೆ ಸಮಯವಿದೆ. ಬೆಂಗಳೂರಿನ ಮನೆಗೆ ಮುಂಗಡ ಕೊಡುವುದನ್ನು ಮಗ ಸದ್ಯಕ್ಕೆ ತಡೆಹಿಡಿದಿದ್ದಾನೆ. ಕಾಗದ ಸೀರೆಯ ಕೆಳಗಿನಿಂದ ಟಿವಿಯ ಪಕ್ಕಕ್ಕೆ ಬಂದಿದೆ. ಮೊಮ್ಮಗನಿಗೆ ಈ ಆಟ ಹಿಡಿಸಿಬಿಟ್ಟು, ಪ್ರತಿ ಭಾನುವಾರ ರಾತ್ರಿ ಟೈಮರ್ ಹಿಡಿದು ಕೂರುತ್ತಾನೆ. ಹೋದ ವಾರ ಅವರ ತಾತನ ಸರದಿ. ಬಿ.ಪಿ. ಇದ್ದೂ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವುದನ್ನು ಎರಡು ನಿಮಿಷ ಪೂರ್ತಿ ಸಮರ್ಥಿಸಿಕೊಂಡರು. ಮುಂದಿನ ಸರದಿ ನನ್ನದಂತೆ. ಪ್ರಶ್ನೆ ಕೇಳುವವಳು ಸೊಸೆ. ಏನು ಕೇಳುತ್ತಾಳೆಂದು ಇನ್ನೂ ಬಾಯಿ ಬಿಟ್ಟಿಲ್ಲ.