ಗೋಣಿಮರದ ಹಸಿರು ಪಾರಿವಾಳಗಳು

ಪಾರಿವಾಳ ನೋಡುವುದಕ್ಕಾಗಿ ಯಾರಾದರೂ ಬೆಳಗಿನ ಸಕ್ಕರೆ ನಿದ್ದೆ ಕೆಡಿಸಿಕೊಳ್ಳುತ್ತಾರೆಯೇ? ಬಸ್ ನಿಲ್ದಾಣದ ಸೂರಿನಲ್ಲಿ, ಗುಡಿಯ ಗೋಪುರದಲ್ಲಿ, ಬಹುಮಹಡಿ ಮನೆಗಳ ಬಾಲ್ಕನಿಯಲ್ಲಿ ಬೇಡವೆಂದರೂ ಬಂದು ಕೂರುವ ಹಕ್ಕಿ ಅದು. ಆದರೆ ಊರಿನ ಈ ಪಾರಿವಾಳಕ್ಕೆ ಹೊಲ, ತೋಟ, ಕಾಡುಗಳಲ್ಲಿ ಬದುಕುವ ದೊಡ್ಡ ಬಳಗವೊಂದಿದೆ. ಆ ಬಳಗದವರಲ್ಲಿ ಹೆಚ್ಚಿನವರು ಮನುಷ್ಯರು ಎರಚುವ ಕಾಳಿಗೆ ಕಾದು ಕೂರುವವರಲ್ಲ.

ತುಮಕೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಈ ಬಳಗದ ಪರಿಚಯವಾದದ್ದು ವಿದ್ಯುತ್ ತಂತಿಯ ಮೇಲೆ. ಯಾವುದಾದರೂ ಒಂದೇ ಜಾತಿಯ ಹಕ್ಕಿಯನ್ನು ದಿನಕ್ಕೆ 15 ನಿಮಿಷ ನೋಡಿ ಬರೆಯಿರಿ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದರು. ಅವಳು ಬೆಳವವನ್ನು ಆರಿಸಿಕೊಂಡಳು. ಕಾರಣ ಸರಳ: ಅದು ಕೂತಲ್ಲಿಯೇ ಕೂರುತ್ತದೆ, ನೋಡುವವರ ಕತ್ತು ನೋಯುವುದಿಲ್ಲ!

ವಾರ ಕಳೆಯುವಷ್ಟರಲ್ಲಿ ‘ಒಂದೇ ಜಾತಿ’ ನಾಲ್ಕಾಯಿತು. ಕತ್ತಿನ ಹಿಂಭಾಗದಲ್ಲಿ ಕಪ್ಪು ಬಿಳುಪಿನ ಚದುರಂಗದ ಹಾಸು ಹೊದ್ದದ್ದು ಚುಕ್ಕೆ ಬೆಳವ. ಹಳ್ಳಿಯವರು ಚೋರೆ ಹಕ್ಕಿ ಎನ್ನುವುದು ಇದನ್ನೇ. ಕತ್ತಿಗೆ ಹಿಂದಿನಿಂದ ಅರ್ಧ ಕಪ್ಪುಪಟ್ಟಿ ಕಟ್ಟಿಕೊಂಡದ್ದು ಬೂದು ಬೆಳವ. ಮೆಲ್ಲಗೆ ನಕ್ಕಂತೆ ಕೂಗುವ, ಎದೆಯ ಮೇಲೆ ಕಪ್ಪು ಚುಕ್ಕೆಗಳಿರುವ ಪುಟ್ಟದು ಕಂದು ಬೆಳವ. ನಾಲ್ಕನೆಯದು ಕೆಂಪು ಬೆಳವ. ಇದರ ಗಂಡು ಇಟ್ಟಿಗೆ ಬಣ್ಣದ್ದು, ತಲೆ ಮಾತ್ರ ಬೂದು. ಹೆಣ್ಣಿಗೋ ಆ ಬಣ್ಣವಿಲ್ಲ. ನೋಡಿದರೆ ಬೂದು ಬೆಳವದ ತಂಗಿಯಂತಿರುತ್ತದೆ. ಗಾತ್ರವನ್ನೂ ಬಾಲದ ಉದ್ದವನ್ನೂ ಹೋಲಿಸಿ ನೋಡದೆ ಹೆಸರು ಹೇಳುವಂತಿಲ್ಲ.

“ಇದಕ್ಕೆಲ್ಲ ಎಷ್ಟು ಮಾರ್ಕು?” ಎಂದು ತಾಯಿ ಕೇಳಿದರು. ಮಗಳು ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎಂಬ ಚಿಂತೆ ಅವರದು. ತಂದೆ ಮಾತ್ರ ಸಹೋದ್ಯೋಗಿಯೊಬ್ಬರಿಂದ ಹಳೆಯ ದುರ್ಬೀನು ಎರವಲು ತಂದುಕೊಟ್ಟರು.

ದುರ್ಬೀನು ಬಂದ ಮೇಲೆ ನೋಟ್‌ಬುಕ್ಕಿನ ಪುಟಗಳು ಬೇಗ ತುಂಬಿದವು. ಕೋಳಿ ಪ್ರತಿ ಗುಟುಕಿಗೂ ತಲೆ ಎತ್ತಿ ನೀರು ನುಂಗುತ್ತದೆ. ಬೆಳವ ಕೊಕ್ಕು ಅದ್ದಿ, ತಲೆ ಎತ್ತದೆ, ಎಮ್ಮೆಯಂತೆ ಹೀರುತ್ತದೆ. ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟರೆ ಅದೇ ಗೂಡು. ಕೆಳಗೆ ನಿಂತರೆ ಸಂದಿಯಲ್ಲಿ ಎರಡು ಬಿಳಿ ಮೊಟ್ಟೆಗಳು ಕಾಣುವುದೂ ಉಂಟು. ಇಂಥ ಬೇಜವಾಬ್ದಾರಿ ಗೂಡಿನ ಮರಿಗೆ ಸಿಗುವ ಆರೈಕೆ ಮಾತ್ರ ಅಪರೂಪದ್ದು. ತಾಯಿ ತಂದೆ ಇಬ್ಬರ ಅನ್ನಚೀಲದಲ್ಲೂ ಗಿಣ್ಣದಂಥ ಆಹಾರ ತಯಾರಾಗುತ್ತದೆ. ಅದನ್ನು ‘ಪಾರಿವಾಳದ ಹಾಲು’ ಎನ್ನುತ್ತಾರೆ. ಮೊದಲ ದಿನಗಳಲ್ಲಿ ಮರಿಗೆ ಅದೇ ಊಟ.

ಬಡಾವಣೆಯ ತಿರುವಿನಲ್ಲಿ ಒಂದು ಹಳೆಯ ಗೋಣಿಮರವಿತ್ತು. ಅದು ಹಣ್ಣು ಬಿಟ್ಟ ದಿನಗಳಲ್ಲಿ ಕೆಳಗೆ ನಿಂತರೆ ಎಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೂ ಮೇಲಿನಿಂದ ಹಣ್ಣಿನ ತುಣುಕುಗಳು ಟಪಟಪನೆ ಬೀಳುತ್ತಿದ್ದವು. ಕಣ್ಣು ಪಳಗಲು ಹತ್ತು ನಿಮಿಷ ಬೇಕಾಯಿತು. ಎಲೆಗಳ ನಡುವೆ ಎಲೆಯಂತೆಯೇ ಕೂತಿದ್ದವು ಹಸಿರು ಪಾರಿವಾಳಗಳು: ಬೂದು ತಲೆ, ಹಳದಿ ಹಸಿರು ಮೈ, ಭುಜದಲ್ಲಿ ನೇರಳೆ ಮಚ್ಚೆ, ಅರಿಶಿನದಲ್ಲಿ ಅದ್ದಿದಂಥ ಕಾಲು. ನೆರೆಯ ಮಹಾರಾಷ್ಟ್ರದ ರಾಜ್ಯಪಕ್ಷಿ ಇದು. ಆಲ, ಬಸರಿ, ಅತ್ತಿ, ಗೋಣಿಗಳ ಹಣ್ಣೇ ಇದರ ಮುಖ್ಯ ಆಹಾರ, ನೆಲಕ್ಕಿಳಿಯುವುದು ಅಪರೂಪ. ಕೂತಾಗ ಎಣಿಸುವುದು ಆಗದ ಮಾತು. ಗುಂಪು ಹಾರಿದಾಗಲೇ ಎಣಿಸಬೇಕು. ಹುಡುಗಿ ಎಣಿಸಿದಳು: 23, ಮರುದಿನ 31, ಆಮೇಲೆ 28.

ಮಗಳ ಹುಚ್ಚು ಕಂಡು ತಂದೆ ಒಂದು ಭಾನುವಾರ ನಂದಿಬೆಟ್ಟಕ್ಕೆ ಕರೆದೊಯ್ದರು. ಬೆಟ್ಟದ ನೆತ್ತಿಯ ತಂಪು ಕಾಡಿನಲ್ಲಿ ನೀಲಗಿರಿ ಕಾಡು ಪಾರಿವಾಳ ಸಿಕ್ಕಿತು. ಪಶ್ಚಿಮ ಘಟ್ಟಗಳು ಮತ್ತು ಇಂಥ ಕೆಲವು ಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಘಟ್ಟದ ದಟ್ಟ ಕಾಡುಗಳಲ್ಲಿ ಇದಕ್ಕಿಂತ ದೊಡ್ಡದಾದ ಇಂಪೀರಿಯಲ್ ಪಾರಿವಾಳವಿದೆ. ರಾಮಪತ್ರೆಯಂಥ ಮರಗಳ ದಪ್ಪ ಹಣ್ಣನ್ನು ಇಡಿಯಾಗಿ ನುಂಗಿ, ಬೀಜವನ್ನು ದೂರಕ್ಕೆ ಒಯ್ದು ಬೀಳಿಸುತ್ತದೆ. ಹಸಿರು ಪಾರಿವಾಳದ ಹೊಟ್ಟೆ ಬೀಜವನ್ನೂ ಅರೆದುಬಿಡುತ್ತದೆ. ಒಂದೇ ಬಳಗದಲ್ಲಿ ಒಬ್ಬ ತೋಟಗಾರ, ಇನ್ನೊಬ್ಬ ಬರಿಯ ಅತಿಥಿ.

ಕೆಲವು ತಿಂಗಳ ಬಳಿಕ ಗೋಣಿಮರದ ಕಾಂಡದ ಮೇಲೆ ಬಣ್ಣದಲ್ಲಿ ಬರೆದ ಒಂದು ಸಂಖ್ಯೆ ಕಾಣಿಸಿತು. ರಸ್ತೆ ಅಗಲವಾಗಬೇಕಿತ್ತು. ಮರ ಉರುಳಲು ಒಂದು ಮಧ್ಯಾಹ್ನ ಸಾಕಾಯಿತು. ಹುಡುಗಿ ಮಾರನೆಯ ದಿನವೂ ಅದೇ ಹೊತ್ತಿಗೆ ಅಲ್ಲಿ ನಿಂತು ತಾರೀಕು ಬರೆದು, ಮುಂದೆ ಸೊನ್ನೆ ಬರೆದಳು. ಮರುದಿನವೂ ಸೊನ್ನೆ. ಹನ್ನೆರಡು ದಿನ ಹೀಗೆಯೇ.

ಮಾರ್ಕು ಕೇಳಿದ್ದ ತಾಯಿ ಒಂದು ಸಂಜೆ ಆ ಪುಟ ತಿರುವಿ ನೋಡಿದರು. ಆ ದಾರಿಯಲ್ಲೇ ಹತ್ತು ವರ್ಷ ತರಕಾರಿಗೆ ಓಡಾಡಿದವರು ಅವರು. “ಇಷ್ಟು ಹಕ್ಕಿ ಅಲ್ಲಿದ್ದವೇ?” ಎಂದರು. ಬಡಾವಣೆಯಲ್ಲಿ ಯಾರನ್ನು ಕೇಳಿದರೂ ಮರ ಹೋದದ್ದು ಗೊತ್ತಿತ್ತು, ಹಕ್ಕಿ ಹೋದದ್ದು ಗೊತ್ತಿರಲಿಲ್ಲ. ಅದಕ್ಕೆ ಸಾಕ್ಷಿಯಾಗಿ ಉಳಿದದ್ದು ಎರಡು ಗೆರೆಯ ಆ ನೋಟ್‌ಬುಕ್ ಒಂದೇ.

ಸಾಮಾನ್ಯ ಹಕ್ಕಿಗೆ ಏನೂ ಆಗದು ಎಂಬ ಧೈರ್ಯ ಒಳ್ಳೆಯದಲ್ಲ. ಉತ್ತರ ಅಮೆರಿಕದ ಪ್ಯಾಸೆಂಜರ್ ಪಾರಿವಾಳಗಳು ಒಂದು ಕಾಲದಲ್ಲಿ 300ರಿಂದ 500 ಕೋಟಿ ಇದ್ದವೆಂಬ ಅಂದಾಜಿದೆ. ಅವು ಹಾರಿದರೆ ಆಕಾಶವೇ ಕಪ್ಪಾಗುತ್ತಿತ್ತಂತೆ. ಬೇಟೆಗೂ ಕಾಡಿನ ನಾಶಕ್ಕೂ ಸಿಕ್ಕಿ ಅವು ಕರಗಿಹೋದವು. ಕೊನೆಯ ಹಕ್ಕಿ ‘ಮಾರ್ಥಾ’ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಇತ್ತ ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ ಊರ ಪಾರಿವಾಳ ಚೆನ್ನಾಗಿ ಹೆಚ್ಚುತ್ತಿದೆ ಎಂದಿದೆ. ಅವುಗಳ ಗದ್ದಲದಲ್ಲಿ ಹಣ್ಣಿನ ಮರವನ್ನೇ ನಂಬಿದ ಹಕ್ಕಿ ಸದ್ದಿಲ್ಲದೆ ಹೋದರೆ ಯಾರಿಗೆ ತಿಳಿದೀತು?

ಮರ ನೆಟ್ಟವರ ನೆಲವೂ ಇದೇ ಆಗಿದೆ. 2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕ ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯಲ್ಲಿ ಬೆಳೆಸಿದ್ದು ಆಲದ ಮರಗಳನ್ನು. ದಾರಿಹೋಕರಿಗೆ ನೆರಳು, ಹಕ್ಕಿಗೆ ಹಣ್ಣು. ಶಾಲೆಯ ಅಂಗಳದ ಒಂದು ಮೂಲೆಯಲ್ಲಿ ಜಾಗವಿದ್ದರೆ ಅತ್ತಿಯನ್ನೋ ಬಸರಿಯನ್ನೋ ನೆಡಲು ಕಷ್ಟವೇನಿಲ್ಲ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ಅನೇಕ ದೇಶಗಳಲ್ಲಿ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತದಲ್ಲಿ ಇದು 2013ರಿಂದ ಇದೆ. 15 ನಿಮಿಷ ನಿಂತು ಎಣಿಸಿದರೆ ಸಾಕು. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ನಿಲ್ಲಬಹುದು. ತಂತಿಯ ಮೇಲಿನ ಬೆಳವದಿಂದ ಶುರು ಮಾಡಿ. ಎಷ್ಟು ಕಂಡವು ಎಂದು ಬರೆಯಿರಿ. ಹುಡುಕಿ ಹೋದ ಹಕ್ಕಿ ಕಾಣದ ದಿನ ಪುಟ ಖಾಲಿ ಬಿಡಬೇಡಿ, ಸೊನ್ನೆಯನ್ನೂ ಬರೆಯಿರಿ.