ರಕ್ತಬೀಜ ಇನ್ನೂ ಸತ್ತಿಲ್ಲ

ಗೆಳೆಯರೊಬ್ಬರು ನಾಲ್ಕು ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಪಕ್ಕದಲ್ಲಿ ಕಾಫಿ ಲೋಟವಿಟ್ಟು, ಫೋಟೊ ತೆಗೆದು, ‘ಸದ್ಯದ ಓದು’ ಎಂದು ವಾಟ್ಸ್‌ಆಪ್ ಸ್ಟೇಟಸ್ಸಿಗೆ ಹಾಕಿದ್ದರು. ನಾಲ್ಕೂ ಹೊಚ್ಚ ಹೊಸವು. ಒಂದರ ಬೆನ್ನಿಗೂ ಮಡಿಕೆ ಬಿದ್ದಿರಲಿಲ್ಲ. ‘ನೀವೇನು ಓದುತ್ತಿದ್ದೀರಿ?’ ಎಂಬ ಪ್ರಶ್ನೆ ಬೇರೆ. ಅದನ್ನು ಓದಿದ ಕೂಡಲೇ ನೆನಪಾದದ್ದು ಸಾಲಗುಂದದ ನನ್ನ ಸೋದರತ್ತೆ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಶ್ರಾವಣ ಬಂದರೆ, ದಸರೆ ಬಂದರೆ, ಸದ್ಯ ಯಾವ ಪುಸ್ತಕ ನಡೆದಿದೆ ಎಂಬುದನ್ನು ಆಕೆಯಷ್ಟು ಖಚಿತವಾಗಿ ಹೇಳುವವರು ನಮ್ಮ ಬಳಗದಲ್ಲಿ ಇನ್ನೊಬ್ಬರಿರಲಿಲ್ಲ.

ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೀಗಿತಿ ಸಿಕ್ಕರೆ ಮಳೆ-ಬೆಳೆ, ಮಕ್ಕಳು-ಮರಿ ಎಲ್ಲ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಮುಖ್ಯ ವಿಷಯ.

‘ಈ ಸಲ ನಿಮ್ಮೂರಾಗ ಯಾವ ಪುರಾಣ ಹಚ್ಯಾರವ್ವ?’

‘ದೇವೀಪುರಾಣ.’

‘ಎಲ್ಲೀತನ ಬಂತು?’

‘ನಿನ್ನಿ ರಾತ್ರಿ ಮಹಿಷಾಸುರ ಸತ್ತ. ಇವತ್ತು ಶುಂಭ-ನಿಶುಂಭ ಬರ್ತಾರ.’

‘ನೀವು ಭಾಳ ಮುಂದದೀರಿ ಬಿಡು. ನಮ್ಮಲ್ಲಿ ಇನ್ನಾ ಕೋಣಾನ ಬಂದಿಲ್ಲ.’

ದೇವೀಪುರಾಣದ ಮೇಲೆ ನಮ್ಮವರಿಗೆ ತುಸು ಹೆಚ್ಚಿನ ಹಕ್ಕು. ಅದನ್ನು ಕನ್ನಡದಲ್ಲಿ ಹಾಡಿದ ಚಿದಾನಂದಾವಧೂತರು ತಪಸ್ಸು ಮಾಡಿದ್ದು ನಮ್ಮ ಸಿಂಧನೂರು ತಾಲ್ಲೂಕಿನ ಸಿದ್ಧಪರ್ವತದಲ್ಲಿ, ಈಗಿನ ಅಂಬಾಮಠದಲ್ಲಿ. ಬನದ ಹುಣ್ಣಿಮೆಗೆ ಅಲ್ಲಿ ಜಾತ್ರೆ. ಮಾರ್ಕಂಡೇಯ ಪುರಾಣದೊಳಗಿನ ದೇವಿಯ ಕಥೆಯನ್ನು ಅವರು ಭಾಮಿನಿ ಷಟ್ಪದಿಗೆ ತಂದರು. ಭಾಮಿನಿ ಎಂದರೆ ಕುಮಾರವ್ಯಾಸನ ಸೊತ್ತು ಎಂದು ಗದಗಿನವರು ತಿಳಿದುಕೊಂಡಿರಬಹುದು. 1369ರಲ್ಲೇ ಭೀಮಕವಿ ಬಸವಪುರಾಣವನ್ನೂ, ಆಮೇಲೆ ಚಾಮರಸ ಪ್ರಭುಲಿಂಗಲೀಲೆಯನ್ನೂ ಅದೇ ಛಂದಸ್ಸಿನಲ್ಲಿ ಬರೆದರೆಂದು ಪಂಡಿತರು ವಾದಿಸಬಹುದು. ಅತ್ತೆಯ ಪ್ರಕಾರ ಅದು ದೇವೀಪುರಾಣದ ಧಾಟಿ. ಮಿಕ್ಕವರು ಎರವಲು ಪಡೆದವರು.

ಈ ಪುರಾಣ ಶುರುವಾಗುವುದೇ ಕೇಳುಗರಿಂದ. ರಾಜ್ಯ ಕಳೆದುಕೊಂಡ ಸುರಥ, ಹೆಂಡತಿ ಮಕ್ಕಳೇ ದುಡ್ಡಿನಾಸೆಗೆ ಮನೆಯಿಂದ ಹೊರದಬ್ಬಿದ ಸಮಾಧಿಯೆಂಬ ವೈಶ್ಯ, ಇಬ್ಬರೂ ಕಾಡಿನಲ್ಲಿ ಋಷಿಯ ಮುಂದೆ ಕುಳಿತು ಕಥೆ ಕೇಳುತ್ತಾರೆ. ತನ್ನನ್ನು ಹೊರದಬ್ಬಿದವರು ಉಂಡರೋ ಇಲ್ಲವೋ ಎಂದೇ ಆ ವೈಶ್ಯ ಇನ್ನೂ ಮರುಗುತ್ತಿರುತ್ತಾನೆ. ಈ ಘಟ್ಟದಲ್ಲಿ ಗುಡಿಯ ಮುಂದಿನ ಚಪ್ಪರದಲ್ಲಿ ಒಂದಿಬ್ಬರು ಮುದುಕರು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಸೊಸೆಯಂದಿರು ಬೇರೆ ಕಡೆ ನೋಡುತ್ತಿದ್ದರು.

ನನಗೆ ಮಾತ್ರ ರಕ್ತಬೀಜನೇ ಬೇಕು. ಅವನ ಮೈಯ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಅವನಂಥವನೇ ಇನ್ನೊಬ್ಬ ಎದ್ದು ನಿಲ್ಲುತ್ತಾನೆ. ಕೊನೆಗೆ ಕಾಳಿ ಬಾಯಿ ತೆರೆದು, ಹನಿ ನೆಲಕ್ಕೆ ಬೀಳದಂತೆ ಕುಡಿದು ಮುಗಿಸಬೇಕು. ಒಂದು ವರ್ಷ ಅವನು ಸಾಯಲೇ ಇಲ್ಲ. ಆ ರಾತ್ರಿಯ ಪ್ರಸಾದ ಒಪ್ಪಿಕೊಂಡಿದ್ದ ಮನೆಯವರ ಬೀಗರು ಬರುವುದು ತಡವಾಗಿತ್ತು. ಅವರಿಲ್ಲದೆ ಗೋಧಿ ಹುಗ್ಗಿಯ ಹಂಡೆ ಇಳಿಸುವಂತಿಲ್ಲ. ಹುಗ್ಗಿಯಿಲ್ಲದೆ ರಾಕ್ಷಸನನ್ನು ಕೊಲ್ಲುವಂತಿಲ್ಲ. ಅರ್ಥ ಹೇಳುವ ಶಾಸ್ತ್ರಿಗಳು ಜಾಣರು. ಹನಿ ಬೀಳಿಸಿದರು, ರಾಕ್ಷಸನನ್ನು ಎಬ್ಬಿಸಿದರು, ಮತ್ತೆ ಬೀಳಿಸಿದರು, ಮತ್ತೆ ಎಬ್ಬಿಸಿದರು. ನಡುನಡುವೆ ಊರಿನ ಸಾಲ, ವರದಕ್ಷಿಣೆ, ಕುಡಿತ, ಕೋರ್ಟು ಕಟ್ಲೆ, ಎಲ್ಲವೂ ರಕ್ತಬೀಜನ ವಂಶಕ್ಕೆ ಸೇರಿಹೋದವು. ಮರುದಿನ ಬೆಳಿಗ್ಗೆ ನೀರಿನ ಹತ್ತಿರ ಅತ್ತೆ ಕೊಟ್ಟ ವರದಿ ಇಷ್ಟೇ: ‘ರಕ್ತಬೀಜ ಇನ್ನಾ ಸತ್ತಿಲ್ಲ, ಬೀಗರು ಬಂದಿಲ್ಲ.’

ಹೀಗೆ ಕಥೆಯೊಳಕ್ಕೆ ಊರು ನುಗ್ಗುವುದು ನಮ್ಮಲ್ಲಿ ಹೊಸದೇನಲ್ಲ. ಪುರಾಣದಲ್ಲಿ ಶರಣರು ಹುಟ್ಟಿದ ದಿನ ಚಪ್ಪರದಲ್ಲಿ ನಿಜವಾದ ತೊಟ್ಟಿಲು ಕಟ್ಟುತ್ತಾರೆ, ಹೆಂಗಸರು ಜೋಗುಳ ಹಾಡುತ್ತಾರೆ. ಮದುವೆಯ ಅಧ್ಯಾಯ ಬಂದರೆ ಅಕ್ಷತೆ ಬೀಳುತ್ತದೆ. ದೇವೀಪುರಾಣವಾದರೆ ಮುತ್ತೈದೆಯರಿಗೆ ಉಡಿ ತುಂಬುತ್ತಾರೆ.

ಹಾಡುವ ಗವಾಯಿಗಳದು ಇನ್ನೊಂದು ಸೋಜಿಗ. ನಮ್ಮ ಕಡೆಯ ಪುರಾಣಗಳಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗವಾಯಿಗಳು ಬರುತ್ತಿದ್ದರು. ಹಾರ್ಮೋನಿಯಂ ಮುಂದೆ ಕುಳಿತು ಷಟ್ಪದಿಯನ್ನು ರಾಗಕ್ಕೆ ಹಚ್ಚಿ ಹಾಡುತ್ತಿದ್ದರು. ಗ್ರಂಥ ವ್ಯಾಸಪೀಠದ ಮೇಲೆ ಹೂವು ಏರಿಸಿಕೊಂಡು ಕುಳಿತಿರುತ್ತಿತ್ತು. ಓದುವವರಿಗೆ ಕಣ್ಣಿಲ್ಲ, ಕೇಳುವವರಲ್ಲಿ ಬಹಳ ಮಂದಿಗೆ ಅಕ್ಷರವಿಲ್ಲ. ಆದರೂ ನಡೆದದ್ದು ಓದೇ. ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ತಾವೇ ಹಲವು ಪುರಾಣಗಳನ್ನು ರಚಿಸಿದರೆಂಬುದನ್ನು ನೆನೆದರೆ, ಓದಲು ಬಿಡುವಿಲ್ಲ ಎನ್ನುವ ನಮ್ಮ ನೆಪಗಳು ಬಾಯಿಗೆ ಬರುವುದಿಲ್ಲ.

ನಿಜಾಮರ ಕಾಲದಲ್ಲಿ ಈ ಓದಿಗೆ ಇನ್ನೊಂದು ಕೆಲಸವೂ ಇತ್ತು. ಕಚೇರಿಯ ಕಾಗದ ಉರ್ದು, ಶಾಲೆಯ ಪಾಠ ಉರ್ದು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನವೇನೋ ನಡೆಯಿತು. ಆದರೆ 1948ರ ಸೆಪ್ಟೆಂಬರ್ 17ರವರೆಗೆ ಹಳ್ಳಿಯಲ್ಲಿ ಕನ್ನಡ ಗ್ರಂಥವೊಂದು ವರ್ಷಕ್ಕೊಮ್ಮೆಯಾದರೂ ಬಿಚ್ಚಿಕೊಳ್ಳುತ್ತಿದ್ದದ್ದು ಮಠದಲ್ಲಿ, ಗುಡಿಯಲ್ಲಿ. ನಮ್ಮಜ್ಜ ಲೆಕ್ಕ ಬರೆದದ್ದು ಉರ್ದುವಿನಲ್ಲಿ, ಅತ್ತದ್ದು ಕನ್ನಡದಲ್ಲಿ. ಕಲ್ಯಾಣ ಕರ್ನಾಟಕದಲ್ಲಿ ಕನ್ನಡ ಉಳಿಸಿದವರ ಪಟ್ಟಿಗೆ ಹಾರ್ಮೋನಿಯಮ್ಮನ್ನೂ ಹುಗ್ಗಿಯ ಹಂಡೆಯನ್ನೂ ಸೇರಿಸಬೇಕೆಂಬುದು ನನ್ನ ಹಟ.

ಈ ಓದಿಗೆ ಪೆಟ್ಟು ಕೊಟ್ಟದ್ದು ಟಿವಿಯೆಂದು ಎಲ್ಲರೂ ಹೇಳುತ್ತಾರೆ. ನನ್ನ ಅನುಮಾನ ಕಾಲುವೆಯ ಮೇಲೆ. ತುಂಗಭದ್ರೆಯ ನೀರು ಬರುವ ಮೊದಲು ನಮ್ಮದು ಎರೆ ಹೊಲ, ಹಿಂಗಾರಿ ಜೋಳ. ಬಿತ್ತಿಗೆ ಶ್ರಾವಣ ಕಳೆದ ಮೇಲೆ. ಹಾಗಾಗಿ ಶ್ರಾವಣವಿಡೀ ಕಿವಿಗೆ ಬಿಡುವು. 1953ರಲ್ಲಿ ಅಣೆಕಟ್ಟಿನಿಂದ ನೀರು ಹರಿಯತೊಡಗಿ, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಊರೂರಿಗೆ ಭತ್ತ ತಂದ ಮೇಲೆ, ಶ್ರಾವಣವೆಂದರೆ ನಾಟಿಯ ಹಂಗಾಮು. ದಿನವಿಡೀ ಕೆಸರಿನಲ್ಲಿ ಬಗ್ಗಿದವರು ರಾತ್ರಿ ಚಪ್ಪರದಲ್ಲಿ ಕುಳಿತರೆ ಎರಡನೆಯ ಪದ್ಯಕ್ಕೇ ಗೊರಕೆ. ಅತ್ತೆಯೂ ನಿದ್ದೆ ಮಾಡುತ್ತಿದ್ದಳು. ಬೆಳಿಗ್ಗೆ ಪಕ್ಕದ ಮನೆಯವಳನ್ನು ಕೇಳಿ ಕಥೆ ಕೂಡಿಸಿಕೊಳ್ಳುತ್ತಿದ್ದಳು. ಒಬ್ಬಳು ಮಲಗಿದ ಅಧ್ಯಾಯದಲ್ಲಿ ಇನ್ನೊಬ್ಬಳು ಎಚ್ಚರವಿದ್ದಳು. ಹೀಗೆ ಪುರಾಣ ಪೂರ್ತಿಯಾಗುತ್ತಿತ್ತು.

ಈಗ ಅನುಕೂಲಗಳು ಹೆಚ್ಚಿವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಮರುವರ್ಷ ಮಕ್ಕಳಿಗಾಗಿ ‘ಓದುವ ಬೆಳಕು’ ಶುರುವಾಯಿತು, ಗ್ರಂಥಾಲಯಕ್ಕೆ ಅರಿವು ಕೇಂದ್ರವೆಂಬ ಹೆಸರೂ ಬಂತು. ಪ್ರವಚನ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತದೆ. ಪುಸ್ತಕವೂ ಸಿಗುತ್ತದೆ, ಓದುವವರೂ ಇದ್ದಾರೆ. ಬೆಳಿಗ್ಗೆ ನೀರಿನ ಹತ್ತಿರ ನಿಂತು ‘ಎಲ್ಲೀತನ ಬಂತು?’ ಎಂದು ಕೇಳುವವರು ಕಡಿಮೆಯಾಗಿದ್ದಾರೆ.

ಗೆಳೆಯರ ನಾಲ್ಕು ಪುಸ್ತಕಗಳ ಮೇಲೆ ನನ್ನ ತಕರಾರಿಲ್ಲ. ಕೊಂಡವರೇ ಅಪರೂಪವಾದ ಕಾಲದಲ್ಲಿ ತೋರಿಸುವವರಾದರೂ ಇರಲಿ. ಆದರೆ ಹೆಸರು ಕೇಳಿ ಯಾರಿಗೇನು ಲಾಭ? ಯಾವ ಪುಟದಲ್ಲಿದ್ದೀರಿ, ಅಲ್ಲಿ ಯಾರು ಸತ್ತರು, ಯಾರು ಇನ್ನೂ ಸತ್ತಿಲ್ಲ ಎಂದು ಹೇಳಿದರೆ ಕೇಳುವವನಿಗೂ ಮುಂದಿನ ಕಥೆಯ ಚಪಲ ಹುಟ್ಟುತ್ತದೆ. ನಿಮ್ಮನ್ನೂ ಯಾರಾದರೂ ‘ಏನು ಓದುತ್ತಿದ್ದೀರಿ?’ ಎಂದು ಕೇಳಿದರೆ ಮುಖಪುಟ ತೋರಿಸಿ ಸುಮ್ಮನಾಗಬೇಡಿ. ಎಲ್ಲಿಗೆ ಬಂದಿದ್ದೀರಿ ಎಂದು ಹೇಳಿ. ಸಮಯವಿದ್ದರೆ ಎರಡು ಪುಟ ಗಟ್ಟಿಯಾಗಿ ಓದಿಬಿಡಿ. ಹುಗ್ಗಿ ಇದ್ದರೆ ಇನ್ನೂ ಒಳ್ಳೆಯದು.